ಬೂ ಸನದನ ಆಕಾಶದ ಆಸ್ತಿ

ಬೂ ಸನದ್ ಬ್ಯಾಂಕನ್ನು ನಂಬುತ್ತಿರಲಿಲ್ಲ. ಕುವೈತಿನಲ್ಲಿ ಮನಾಖ್ ಎಂಬ ಶೇರುಪೇಟೆ ಉಬ್ಬಿ ಒಡೆದ ಕಾಲದಲ್ಲಿ ಅವನ ಅಪ್ಪ ಮುಂದಿನ ತಾರೀಖಿನ ಚೆಕ್ಕುಗಳನ್ನು ಸೂಟ್‌ಕೇಸಿನ ತುಂಬ ಇಟ್ಟುಕೊಂಡು ಶ್ರೀಮಂತನಾಗಿ ಮಲಗಿ, ಬಡವನಾಗಿ ಎದ್ದಿದ್ದ. ನೋಟನ್ನೂ ಅವನು ನಂಬುತ್ತಿರಲಿಲ್ಲ. ಇರಾಕಿನವರು ಬಂದ ವರ್ಷ ಸೋಫಾದ ಒಳಗೆ ಹೊಲಿದು ಬಚ್ಚಿಟ್ಟ ನೋಟುಗಳು ಸೋಫಾ ಸಮೇತ ಬಸ್ರಾದ ದಾರಿ ಹಿಡಿದಿದ್ದವು. ಇನ್ನು ಚಿನ್ನ. ಅದು ಹೆಂಡತಿ ಸಬೀಕಾಳ ಕಪಾಟಿನಲ್ಲಿತ್ತು, ಅಂದರೆ ಅವನ ಪಾಲಿಗೆ ಇರಲಿಲ್ಲ.

ಅವನು ನಂಬಿದ್ದು ಒಂದನ್ನೇ: ಹುದ್‌ಹುದ್ ಏರ್‌ಲೈನ್ಸಿನ ಪಾಯಿಂಟುಗಳನ್ನು.

ಏಸಿ ಯಂತ್ರದ ಬಿಡಿಭಾಗ ತರಿಸಿ ಮಾರುವುದು ಅವನ ಕಸುಬಾಗಿತ್ತು. ಅದಕ್ಕಾಗಿ ಜೀವಮಾನವಿಡೀ ಮಿಲಾನು, ಇಜ್ಮಿರು, ಗುವಾಂಗ್‌ಝೂ ಎಂದು ಹಾರಾಡಿದ್ದ. ಹಾರಿದಷ್ಟೂ ವಿಮಾನದವರು ಅವನ ಖಾತೆಗೆ ಪಾಯಿಂಟು ಹಾಕುತ್ತಿದ್ದರು. ಅದರಲ್ಲಿ ಒಂದನ್ನೂ ಅವನು ಮುಟ್ಟಲಿಲ್ಲ. ಸಬೀಕಾಳನ್ನು ಇಸ್ತಾಂಬುಲಿಗೆ ಕರೆದೊಯ್ದಾಗಲೂ ಜೇಬಿನಿಂದ ದೀನಾರು ತೆಗೆದೇ ಟಿಕೆಟು ಕೊಂಡ. ಹಾಗೆ ಕೊಂಡರೆ ಇನ್ನಷ್ಟು ಪಾಯಿಂಟು ಬರುತ್ತದಲ್ಲ! ನಮ್ಮಲ್ಲಿ 'ಬೂ' ಅಂದರೆ ಅಪ್ಪ, ಮಗನ ಹೆಸರಿನಿಂದಲೇ ಅಪ್ಪನನ್ನು ಕರೆಯುವುದು. ವ್ಯಾಪಾರವನ್ನು ಆ ಮಗ ಸನದನಿಗೆ ಒಪ್ಪಿಸಿ ಮನೆಯಲ್ಲಿ ಕೂತ ಮೇಲೂ ದಿನಾ ಬೆಳಿಗ್ಗೆ ಫೋನು ತೆರೆದು ಖಾತೆಯನ್ನು ನೋಡಿಯೇ ಖರ್ಜೂರ ಬಾಯಿಗೆ ಹಾಕುವುದು.

ನಾವು ಸೇರುತ್ತಿದ್ದದ್ದು ಫೈಹಾ ಬಡಾವಣೆಯಲ್ಲಿರುವ ಬೂ ಬರ್ರಾಕನ ದಿವಾನಿಯಾದಲ್ಲಿ, ಅಂದರೆ ಅವನ ಮನೆಯ ಮುಂದಿನ ಹಜಾರದಲ್ಲಿ. ಸಂಜೆಯ ನಮಾಜು ಮುಗಿಸಿಕೊಂಡು ನಾವು ಏಳೆಂಟು ಮಂದಿ ಬಂದು ಗೋಡೆಯ ಸುತ್ತ ದಿಂಬಿಗೆ ಒರಗುತ್ತಿದ್ದೆವು. ಎಲ್ಲರೂ ಒಂದೇ ಕೇರಿಯ ಹುಡುಗರು. ಸಮುದ್ರದ ದಡದ ಶರ್ಖ್ ಕೇರಿಯ ಮಣ್ಣಿನ ಮನೆಗಳಲ್ಲಿ ಹುಟ್ಟಿ, ಸರಕಾರ ಆ ಮನೆಗಳನ್ನು ಕೆಡವಿದ ಮೇಲೆ ಊರ ತುಂಬ ಚದುರಿಹೋಗಿ, ಮುದುಕರಾದ ಮೇಲೆ ಮತ್ತೆ ಇಸ್ಪೀಟಿನ ಸುತ್ತ ಕೂಡಿದವರು. ಬೂ ಬರ್ರಾಕ್ ಅಗ್ನಿಶಾಮಕ ದಳದಲ್ಲಿ ಅಧಿಕಾರಿಯಾಗಿದ್ದವನು. ಉಪ್ಪು ಬೇಕು ಅನ್ನುವುದನ್ನೂ ಬೆಂಕಿ ಬಿದ್ದವರಂತೆ ಕೂಗಿ ಹೇಳುತ್ತಾನೆ. ಜಾಸಿಮ್ ಭೂಗೋಳದ ಮೇಷ್ಟ್ರಾಗಿದ್ದವನು. ಮೆತ್ತಗೆ ಮಾತಾಡುತ್ತಾನೆ, ಮರೆಯುವುದು ಮಾತ್ರ ಗೊತ್ತಿಲ್ಲ. ನಾನು ಬೂ ಮುತ್ಲಖ್. ನನ್ನ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ ಎಂಬುದು ಮುಂದೆ ಚುನಾವಣೆಯಲ್ಲಿ ಸಾಬೀತಾಯಿತು.

ಅವತ್ತು ಬೂ ಸನದ್ ತನ್ನ ಹಳೇ ರಾಗ ತೆಗೆದಿದ್ದ.

"ಕಳ್ಳ ಬಂದು ನನ್ ಮನೇಲಿ ಏನ್ ಕದೀತಾನೆ ಹೇಳು. ಗೋಡೆ ಒಡೆದ್ರೆ ಇನ್ನೊಂದು ಗೋಡೆ ಸಿಗುತ್ತೆ. ನನ್ ಆಸ್ತಿ ಇರೋದು ಆಕಾಶದಲ್ಲಿ ಕಣಯ್ಯಾ."

"ಆಕಾಶದಲ್ಲಿ ಹಕ್ಕಿ ಹಿಕ್ಕೆ ಹಾಕುತ್ತೆ ಅಷ್ಟೇ. ಆಸ್ತಿ ಎಲ್ಲಿಂದ ಬಂತು?" ಎಂದ ಬೂ ಬರ್ರಾಕ್.

ಜಾಸಿಮ್ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಇಲ್ಲೊಂದು ಸುದ್ದಿ ಇದೆ, ಕೇಳ್ರಪ್ಪ," ಎಂದು ಪಾಠ ಓದುವ ದನಿಯಲ್ಲಿ ಶುರುಮಾಡಿದ. ಎಲ್ಲೋ ಒಬ್ಬ ವಿಧವೆ ವರ್ಷಗಟ್ಟಲೆ ವಿಮಾನದ ಪಾಯಿಂಟು ಕೂಡಿಟ್ಟಿದ್ದಳಂತೆ. ಯಾರೋ ಅವಳ ಖಾತೆಗೆ ನುಗ್ಗಿ ಎಲ್ಲವನ್ನೂ ಗುಡಿಸಿಕೊಂಡು ಹೋದರಂತೆ. ಆ ಪಾಯಿಂಟಿನಲ್ಲಿ ಯಾವನೋ ಗುರುತಿಲ್ಲದವನು ಮಾಲ್ದೀವ್ಸಿಗೆ ಹನಿಮೂನಿಗೆ ಹೋಗಿಬಂದನಂತೆ.

"ಅವಳ ಪಾಯಿಂಟು, ಇವನ ಹನಿಮೂನು!" ಬೂ ಬರ್ರಾಕ್ ತೊಡೆ ತಟ್ಟಿಕೊಂಡು ನಕ್ಕ. "ಹುಷಾರು ಕಣೋ ಬೂ ಸನದ್. ಈಗಲೇ ಯಾವನೋ ನಿನ್ ಖರ್ಚಲ್ಲಿ ಮಾವಿನ ರಸ ಕುಡೀತಾ ಮೀನಿಗೆ ಕಾಲು ಕಚ್ಚಿಸ್ಕೊಂಡು ಕೂತಿರ್ತಾನೆ."

ಬೂ ಸನದನ ಚಹಾದ ಲೋಟ ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿತು. ಅವನು ಎದ್ದು ಹೊರಗೆ ಹೋಗಿ, ಕಾರಿನಲ್ಲಿ ಕೂತು, ಗಾಜು ಏರಿಸಿಕೊಂಡು, ಹುದ್‌ಹುದ್‌ನವರಿಗೆ ಫೋನು ಹಚ್ಚಿದ. ಹೊರಗಿನಿಂದ ನಮಗೆ ಕಾಣುತ್ತಿದ್ದದ್ದು ಅವನ ಆಡುವ ಕೈಗಳು ಮಾತ್ರ. ಮರಳಿ ಬಂದಾಗ ಮುಖದಲ್ಲಿ ಗೆದ್ದ ಕಳೆ ಇತ್ತು.

"ಅತಿ ಹೆಚ್ಚಿನ ಭದ್ರತೆ ಯಾವ್ದಿದ್ಯೋ ಅದನ್ನ ಹಾಕಿ ಅಂದೆ. ಇನ್ನು ಯಾರಪ್ಪನ ಮಗ ಬಂದ್ರೂ ಒಳಗೆ ಹೋಗೋಕಾಗಲ್ಲ."

ಮಾತು ಅಕ್ಷರಶಃ ನಿಜವಾಯಿತು. ಮಾರನೇ ಬೆಳಿಗ್ಗೆ ಅವನಿಗೇ ಒಳಗೆ ಹೋಗಲಾಗಲಿಲ್ಲ.

ಅವನು ನನ್ನನ್ನು ಜೊತೆಗೆ ಕರೆದುಕೊಂಡು ಏರ್‌ಲೈನ್ಸಿನ ಕಚೇರಿಗೆ ಹೋದ. ಕೌಂಟರಿನಲ್ಲಿದ್ದವನು ಬಹಳ ಮರ್ಯಾದಸ್ಥ. ಪಾಸ್‌ಪೋರ್ಟು ನೋಡಿದ, ಗುರುತಿನ ಕಾರ್ಡು ನೋಡಿದ, ಬೂ ಸನದನ ಮುಖವನ್ನೂ ಬೆಳಕಿಗೆ ಹಿಡಿದಂತೆ ನೋಡಿದ.

"ನೀವು ದುವೈಜ್ ಅನ್ನೋದ್ರಲ್ಲಿ ನಂಗೆ ಸಂಶಯ ಇಲ್ಲ ಸರ್," ಎಂದ. ದುವೈಜ್ ಎಂಬುದು ಬೂ ಸನದನ ಅಪ್ಪ ಇಟ್ಟ ಹೆಸರು. "ಆದ್ರೆ ಅತಿ ಹೆಚ್ಚಿನ ಭದ್ರತೆ ಹಾಕಿದ್ಮೇಲೆ ಖಾತೆ ದುವೈಜ್ ಅನ್ನೋರದ್ದಲ್ಲ. ಗುಟ್ಟಿನ ಪ್ರಶ್ನೆಗೆ ಉತ್ತರ ಗೊತ್ತಿರೋರದ್ದು."

"ಆ ಉತ್ತರ ಬರೆಸಿದ್ದು ನಾನೇ ಅಲ್ವೇನಯ್ಯಾ?"

"ಹೌದು ಸರ್. ಅದಕ್ಕೇ ನಿಮ್ಮನ್ನೇ ಕೇಳ್ತಿರೋದು."

ಪ್ರಶ್ನೆ ಇಷ್ಟು: ಬಾಲ್ಯದಲ್ಲಿ ನಿಮ್ಮ ಅತ್ಯಂತ ಆಪ್ತ ಸ್ನೇಹಿತರ ಹೆಸರೇನು? ಮೊದಲ ಸಲ ಸದಸ್ಯನಾದಾಗ ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತು ಯಾವುದೋ ಹುಡುಗಿಗೆ ಬಾಯಲ್ಲಿ ಹೇಳಿ ಬರೆಸಿದ್ದು. ಏನು ಹೇಳಿದ್ದನೋ ಬೂ ಸನದನಿಗೆ ಒಂದಿಷ್ಟೂ ನೆನಪಿಲ್ಲ. ಫೋನಿನಲ್ಲಿ ಮೂರು ಸಲ ಉತ್ತರ ಹೇಳಬಹುದು. ಮೂರೂ ತಪ್ಪಾದರೆ ಖಾತೆಯೂ ಹೋಯಿತು, ಪಾಯಿಂಟೂ ಹೋಯಿತು. ಬಾಗಿಲವರೆಗೆ ಬಂದು ಬೀಳ್ಕೊಡುತ್ತಾ ಕೌಂಟರಿನವನು ಇನ್ನೊಂದು ಮಾತು ಸೇರಿಸಿದ: ರಮದಾನಿನಿಂದ ಪಾಯಿಂಟಿನ ಬೆಲೆ ಹೊಸದಾಗಿ ನಿಗದಿಯಾಗುತ್ತದೆ, ಬಳಸುವುದಿದ್ದರೆ ಅಷ್ಟರೊಳಗೆ ಬಳಸುವುದು ಒಳ್ಳೆಯದು.

"ಹೊಸ ಬೆಲೆ ಅಂದ್ರೆ ಜಾಸ್ತಿನಾ?" ಎಂದು ನಾನು ಕೇಳಿದೆ.

ಅವನು ಮರ್ಯಾದೆಯಿಂದ ನಕ್ಕ.

ಅವತ್ತು ಸಂಜೆ ದಿವಾನಿಯಾದಲ್ಲಿ ವಿಷಯ ಬಿಚ್ಚಿದಾಗ ಬೂ ಬರ್ರಾಕ್ ಇಸ್ಪೀಟಿನ ಎಲೆಗಳನ್ನು ಕೆಳಗಿಟ್ಟು, "ಇದೊಂದು ಪ್ರಶ್ನೆನಾ? ಬರ್ರಾಕನ ಅಪ್ಪ ಅಂತ ಹೇಳು, ಮುಗೀತು," ಎಂದ.

"ಯಾಕೆ?" ಎಂದು ಮೆತ್ತಗೆ ಕೇಳಿದ ಜಾಸಿಮ್.

"ಯಾಕೆ ಅಂದ್ರೆ? ಸಮುದ್ರದಲ್ಲಿ ಲೋಳೆ ಮೀನು ಕಚ್ಚಿ ಇವನು ಬೊಬ್ಬೆ ಹೊಡೀತಿದ್ದಾಗ ಹೆಗಲ ಮೇಲೆ ಹೊತ್ಕೊಂಡು ಮನೆಗೆ ಓಡಿದ್ದು ಯಾರು?"

"ಇವನನ್ನ ಆ ನೀರಿಗೆ ತಳ್ಳಿದ್ದು ಯಾರು ಅಂತಾನೂ ಹೇಳು ಮತ್ತೆ."

ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಶಾಲೆಯಲ್ಲಿ ಇವನ ಲೆಕ್ಕವನ್ನೆಲ್ಲ ಮಾಡಿಕೊಡುತ್ತಿದ್ದವನು ತಾನು ಎಂದ ಜಾಸಿಮ್. ಇವನಿಗಾಗಿ ಮೂಗು ಒಡೆಸಿಕೊಂಡವನು ತಾನು ಎಂದು ಬೂ ಬರ್ರಾಕ್ ಡೊಂಕು ಮೂಗನ್ನು ಎಲ್ಲರ ಮುಂದೆ ಹಿಡಿದ. ನಾನೂ ಸುಮ್ಮನಿರಲಾರದೆ, ಒಂದೇ ಗಾಳಿಪಟವನ್ನು ನಾವಿಬ್ಬರೂ ಹಂಚಿಕೊಂಡದ್ದನ್ನು ನೆನಪಿಸಿದೆ. ಬೂ ಸನದ್ ಮಾತ್ರ ಒಬ್ಬರಿಂದ ಒಬ್ಬರ ಕಡೆ ನೋಡುತ್ತಾ, "ಎಲ್ಲಾ ನಿಜಾನೇ. ಆದ್ರೆ ಆ ಹುಡುಗಿಗೆ ಯಾವನ ಹೆಸರು ಹೇಳಿದ್ನೋ ಗೊತ್ತಾಗ್ತಿಲ್ವಲ್ಲ," ಎಂದು ಗೋಳಾಡಿದ.

ಇಂಥ ಬಿಕ್ಕಟ್ಟಿಗೆ ನಮ್ಮ ಊರಿನವರಿಗೆ ಗೊತ್ತಿರುವ ದಾರಿ ಒಂದೇ. ಚುನಾವಣೆ ಮಾಡೋಣ ಎಂದು ತೀರ್ಮಾನವಾಯಿತು.

ಅಭ್ಯರ್ಥಿಗಳು ಮೂವರು: ಬೂ ಬರ್ರಾಕ್, ಜಾಸಿಮ್, ನಾನು. ಮತದಾರರು ಶರ್ಖ್ ಕೇರಿಯಲ್ಲಿ ಹುಟ್ಟಿ ಇನ್ನೂ ಉಸಿರಾಡುತ್ತಿರುವವರೆಲ್ಲರೂ. ಬೂ ಬರ್ರಾಕ್ ಮನೆ ಮುಂದೆ ಡೇರೆ ಹಾಕಿಸಿದ. ಬಂದವರಿಗೆಲ್ಲ ಮಾಂಸದ ಮಚ್ಬೂಸ್ ಅನ್ನ, ಅದರ ಮೇಲೆ ಕೂಗು ಭಾಷಣ. ಜಾಸಿಮ್ ಬಡಪಾಯಿ, ಪಿಂಚಣಿಯಲ್ಲಿ ಬದುಕುವವನು. ಆದರೂ ಹಟ ಬಿಡದೆ ಹುರಿದ ಜುಬೈದಿ ಮೀನು ಮಾಡಿಸಿ, ಶರ್ಖ್ ಕೇರಿಯ ನಕ್ಷೆಯನ್ನು ಬಣ್ಣದಲ್ಲಿ ಬರೆದು ಗೋಡೆಗೆ ತೂಗುಹಾಕಿದ. ಅದರಲ್ಲಿ ತನ್ನ ಮನೆ ಬೂ ಸನದನ ಮನೆಗೆ ಅಂಟಿಕೊಂಡಿದೆಯೆಂದೂ ಬೂ ಬರ್ರಾಕನ ಮನೆ ಮೂರು ಓಣಿ ಆಚೆಯಿದೆಯೆಂದೂ ಕೋಲು ಹಿಡಿದು ತೋರಿಸಿದ. ಬೂ ಬರ್ರಾಕನ ಕಡೆಯವರು ನಕ್ಷೆಯೇ ಸುಳ್ಳು ಎಂದು ಗಲಾಟೆ ಎಬ್ಬಿಸಿದರು. ನಾನು ಚಹಾ ಮತ್ತು ಬಿಸ್ಕತ್ತು ಇಟ್ಟಿದ್ದೆ. ಬಿಸ್ಕತ್ತು ಖಾಲಿಯಾಯಿತು, ನನ್ನ ಭಾಷಣಕ್ಕೆ ಮಾತ್ರ ಯಾರೂ ಕೂರಲಿಲ್ಲ.

ಊರಿಗೆಲ್ಲ ಸುದ್ದಿ ಹರಡಿತು. ಗುರುತಿಲ್ಲದವರು ಬಂದು ಬೂ ಸನದನ ಕೈ ಕುಲುಕಿ, "ನಿಮ್ಮ ಗೆಳೆಯ ಯಾರಾದ್ರು?" ಎಂದು ಕೇಳತೊಡಗಿದರು. ಜಹ್ರಾದಿಂದ ಒಬ್ಬ ಮುದುಕ ಟ್ಯಾಕ್ಸಿ ಮಾಡಿಕೊಂಡು ಬಂದು, ತಾನೇ ಆ ಗೆಳೆಯ, ಬೇಕಾದರೆ ಆಣೆ ಹಾಕುತ್ತೇನೆ ಎಂದ. ವಿಚಾರಿಸಿದಾಗ ಅವನು ಬೇರೆ ಯಾವನೋ ದುವೈಜನ ಗೆಳೆಯ ಎಂದು ತಿಳಿಯಿತು. ಅಷ್ಟು ದೂರದಿಂದ ಬಂದವನನ್ನು ಹಸಿದು ಕಳಿಸಬಾರದೆಂದು ಊಟ ಹಾಕಿ ಕಳಿಸಿದೆವು.

ಮತ ಎಣಿಸಿದಾಗ ಬೂ ಬರ್ರಾಕ್ ಗೆದ್ದ. ಜಾಸಿಮ್ ಸ್ವಲ್ಪದರಲ್ಲಿ ಸೋತ. ನನಗೆ ಬಂದದ್ದು ಎರಡೇ ಮತ. ಒಂದು ನನ್ನದು. ಇನ್ನೊಂದು ಯಾರದೋ ಇವತ್ತಿಗೂ ತಿಳಿಯದು; ಆದರೂ ದಿವಾನಿಯಾದಲ್ಲಿ ಯಾರಾದರೂ ನನ್ನ ಕಡೆ ತಟ್ಟೆ ಸರಿಸಿದರೆ ಇವನೇ ಇರಬಹುದೇನೋ ಎಂದು ನೋಡುತ್ತೇನೆ.

ಎಲ್ಲರೆದುರಿಗೆ ಫೋನನ್ನು ಚಹಾದ ತಟ್ಟೆಯ ಪಕ್ಕ ಇಟ್ಟು, ದನಿ ಎಲ್ಲರಿಗೂ ಕೇಳುವಂತೆ ಮಾಡಿ, ಬೂ ಸನದ್ ಏರ್‌ಲೈನ್ಸಿಗೆ ಕರೆ ಮಾಡಿದ. ಆ ಕಡೆ ಹನಾನ್ ಎಂಬ ಹೆಣ್ಣುಮಗಳ ದನಿ. ಬೂ ಬರ್ರಾಕ್ ಮೀಸೆ ತೀಡಿಕೊಂಡು ನೆಟ್ಟಗೆ ಕೂತ. ಅವನ ಅಪ್ಪ ಇಟ್ಟ ಹೆಸರು ಮುತಇಬ್. ಚಿಕ್ಕವನಿದ್ದಾಗ ಎಲ್ಲರೂ ಕರೆಯುತ್ತಿದ್ದದ್ದು ಅದನ್ನೇ.

"ಮುತಇಬ್," ಎಂದ ಬೂ ಸನದ್.

"ಕ್ಷಮಿಸಿ ಸರ್. ಆ ಉತ್ತರ ಸರಿಯಿಲ್ಲ."

ಬೂ ಬರ್ರಾಕ್ ಫೋನಿನ ಹತ್ತಿರ ಬಗ್ಗಿ, "ಇನ್ನೊಂದ್ಸಲ ಸರಿಯಾಗಿ ನೋಡಮ್ಮಾ! ಐನ್ ಅಕ್ಷರ ಬಿಟ್ಟು ಬರೆದಿರಬಹುದು!" ಎಂದು ಗರ್ಜಿಸಿದ.

"ಅಕ್ಷರದ ತಪ್ಪಲ್ಲ ಸರ್," ಎಂದಳು ಹನಾನ್. "ಹತ್ತಿರಾನೂ ಇಲ್ಲ."

ಆ 'ಹತ್ತಿರಾನೂ ಇಲ್ಲ' ಎಂಬ ಮಾತು ಬೂ ಬರ್ರಾಕನಿಗೆ ಕಪಾಳಕ್ಕೆ ಬಿಗಿದಂತಾಯಿತು. ಅವನು ಎದ್ದು ನಿಂತ. ಇಂಥ ಗಳಿಗೆಯಲ್ಲಿ ಬೂ ಸನದ್ ಸುಮ್ಮನಿರಬೇಕಿತ್ತು. ಹಾಗೆ ಮಾಡದೆ, ಗಾಬರಿಯಲ್ಲಿ, ಎರಡನೇ ಸ್ಥಾನದಲ್ಲಿದ್ದವನ ಹೆಸರನ್ನು ಒಗೆದೇಬಿಟ್ಟ. "ಜಾಸಿಮ್!"

"ಅದೂ ಅಲ್ಲ ಸರ್. ಇನ್ನೊಂದೇ ಅವಕಾಶ ಉಳಿದಿದೆ. ಯೋಚನೆ ಮಾಡಿ ಹೇಳಿ. ಹುದ್‌ಹುದ್ ಜೊತೆ ಹಾರುತ್ತಿರುವುದಕ್ಕೆ ವಂದನೆಗಳು."

ಫೋನು ಕಟ್ಟಾಯಿತು. ಜಾಸಿಮ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. "ಆರು ವರ್ಷ ಕಣೋ," ಎಂದ. "ಆರು ವರ್ಷ ನಿನ್ ಗುಣಾಕಾರ ಎಲ್ಲಾ ನಾನೇ ಮಾಡ್ಕೊಟ್ಟೆ." ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

"ಎಲ್ಲರೂ ಎದ್ದು ಹೋಗ್ರೋ!" ಎಂದು ಬೂ ಬರ್ರಾಕ್ ಕೂಗಿದ. "ದಿವಾನಿಯಾ ಬಂದ್!"

ಮರುದಿನ ಹೋಗಿ ನೋಡಿದರೆ ಬಾಗಿಲು ನಿಜಕ್ಕೂ ಬಂದ್ ಆಗಿತ್ತು. ನಾವು ಮುದುಕರೆಲ್ಲ ಎಲ್ಲಿಗೆ ಹೋಗುವುದು? ಆ ವಾರವೆಲ್ಲ ಅವನ ಮನೆಯೆದುರು ಕಾರು ನಿಲ್ಲಿಸಿಕೊಂಡು, ಕಾರಿನೊಳಗೇ ಕೂತು, ಕಿಟಕಿಯಿಂದ ಕಿಟಕಿಗೆ ಮಾತಾಡಿ ಮನೆಗೆ ಹೋಗುತ್ತಿದ್ದೆವು. ಆಮೇಲೆ ಒಂದು ವಿಚಿತ್ರ ನಡೆಯಿತು. ಚುನಾವಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಬೂ ಬರ್ರಾಕನೂ ಜಾಸಿಮನೂ ಒಂದೇ ದುಃಖದವರಾಗಿ ಒಂದಾದರು. ದಿವಾನಿಯಾದ ಬಾಗಿಲು ತೆರೆಯಿತು, ಆದರೆ ಬೂ ಸನದನೊಬ್ಬನಿಗೆ ಮಾತ್ರ ಪ್ರವೇಶವಿಲ್ಲ ಎಂದು ತಿಳಿಸಲಾಯಿತು. ಜಾಸಿಮ್ ತನ್ನ ನಕ್ಷೆಯನ್ನು ತಂದು ಬೂ ಬರ್ರಾಕನ ಗೋಡೆಗೆ ಹಾಕಿದ. ಅದರಲ್ಲಿ ಬೂ ಸನದನ ಮನೆಯಿದ್ದ ಜಾಗವನ್ನು ಸಮುದ್ರದ ನೀಲಿ ಬಳಿದು ಮುಚ್ಚಿದ್ದ.

ಬೂ ಸನದ್ ಸೊರಗಿಹೋದ. ಅವನಿಗೆ ದುಃಖ ಪಾಯಿಂಟಿನದೋ ಗೆಳೆಯರದೋ ಎಂದು ಕೇಳಿದೆ.

"ಎರಡೂ ಒಂದೇ ಖಾತೇಲಿ ಸಿಕ್ಕಾಕ್ಕೊಂಡಿದೆ ಬೂ ಮುತ್ಲಖ್," ಎಂದ. "ನನ್ ಎದೇಲಿ ಯಾರಿದ್ರು ಅಂತ ಆ ಹನಾನ್ ಅನ್ನೋ ಹುಡುಗಿಗೆ ಗೊತ್ತು, ನಂಗೇ ಗೊತ್ತಿಲ್ಲ. ಇದೆಂಥಾ ಬಾಳು ಹೇಳು."

ರಮದಾನು ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಅವನ ಮನೆಯಲ್ಲಿ ಊಟವಾದ ಮೇಲೆ ಹೆಸರುಗಳನ್ನು ಒಂದೊಂದಾಗಿ ನೆನೆಯುತ್ತಾ ಕೂತಿದ್ದೆವು. ನೀರು ಮಾರುವವನ ಮಗ, ಮಸೀದಿಯ ಪಕ್ಕದ ಕುಂಟ, ಗಾಳಿಪಟದ ನೆಪದಲ್ಲಿ ನಾನು. ಯಾವುದೂ ಅವನಿಗೆ ಹಿಡಿಸಲಿಲ್ಲ. ಸಬೀಕಾ ಚಹಾದ ಕೆಟಲು ತಂದವಳು ಹೋಗದೆ ಅಲ್ಲೇ ನಿಂತಳು. ಸಾಮಾನ್ಯವಾಗಿ ಅವಳು ನಮ್ಮ ಮಾತಿಗೆ ಬರುವವಳಲ್ಲ.

"ಆ ಹೆಸರು ನಾನ್ ಹೇಳ್ಲಾ?" ಎಂದಳು.

"ನಿಂಗೆ ಹೇಗ್ ಗೊತ್ತು?"

"ನಿಮ್ ಜೊತೆ ಮಲಗಿ ಏಳೋಳು ನಾನಲ್ವಾ? ಮದುವೆಯಾದ ವಾರದಿಂದ ಕೇಳ್ತಾನೇ ಇದೀನಿ. ಜ್ವರ ಬಂದ್ರೆ ಸಾಕು, ನಿದ್ದೇಲಿ ಅದೇ ಹೆಸರು. ಬಾ ಮರ್ಜಾನಾ, ಹತ್ರ ಬಾ ಮರ್ಜಾನಾ, ಹೋಗಬೇಡ ಮರ್ಜಾನಾ." ಕೆಟಲನ್ನು ಮೇಜಿನ ಮೇಲೆ ಕುಕ್ಕಿದಳು. "ಮಕ್ಕಳಿದ್ರು, ಸುಮ್ನಿದ್ದೆ. ಮೊಮ್ಮಕ್ಕಳಾದ್ರು, ಸುಮ್ನಿದ್ದೆ. ಈಗ ಬೂ ಮುತ್ಲಖ್ ಎದುರಿಗೇ ಕೇಳ್ತೀನಿ, ಹೇಳಿ. ಯಾರು ಆ ಮರ್ಜಾನಾ?"

ನಾನು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಅರ್ಧ ಎದ್ದವನು ಹಾಗೇ ನಿಂತೆ.

ಬೂ ಸನದನ ಮುಖ ನೋಡಬೇಕಿತ್ತು. ಮೊದಲು ಬೆಪ್ಪಾದ. ಆಮೇಲೆ ಒಳಗೆ ಎಲ್ಲೋ ದೀಪ ಹಚ್ಚಿದಂತೆ ಕಣ್ಣುಗಳು ಅರಳಿದವು. "ಮರ್ಜಾನಾ!" ಎಂದ. "ಮರ್ಜಾನಾ! ಅಯ್ಯೋ, ಮರ್ಜಾನಾ!"

"ನೋಡಿ, ನೋಡಿ. ಹೇಗ್ ಕರೀತಾರೆ ನೋಡಿ," ಎಂದಳು ಸಬೀಕಾ ನನಗೆ.

"ಸಬೀಕಾ, ಅದು ಮೇಕೆ ಕಣೇ!"

"ಮೇಕೆ."

"ನಮ್ಮ ಮನೆ ಮೇಕೆ! ಕಂದು ಬಣ್ಣದ್ದು, ಒಂದು ಕಿವಿ ಬಿಳೀದು. ಬೆಳಿಗ್ಗೆ ಕುರಿಗಾಹಿ ಕೇರಿ ಮೇಕೆಗಳನ್ನೆಲ್ಲ ಮರಳುಗಾಡಿಗೆ ಹೊಡ್ಕೊಂಡು ಹೋಗ್ತಿದ್ದ, ಸಂಜೆ ಅವೇ ಅವರವರ ಮನೆ ಹುಡುಕ್ಕೊಂಡು ಬರ್ತಿದ್ವು. ನಂಗೆ ದಡಾರ ಬಂದು ಮೂಲೆ ಕೋಣೇಲಿ ಹಾಕಿದ್ರು. ಒಬ್ಬ ಗೆಳೆಯನೂ ಹತ್ರ ಬರ್ಲಿಲ್ಲ, ಇವರಮ್ಮಂದಿರು ಬಿಡ್ಲೂ ಇಲ್ಲ. ಮರ್ಜಾನಾ ಮಾತ್ರ ದಿನಾ ಸಂಜೆ ಬಂದು ಬಾಗಿಲಿಗೆ ಬೆನ್ನು ಕೊಟ್ಕೊಂಡು ಮಲಗ್ತಿತ್ತು. ಬಾಗಿಲ ಸಂದೀಲಿ ಬೆರಳು ಹಾಕಿದ್ರೆ ನೆಕ್ತಿತ್ತು."

ಸಬೀಕಾ ನನ್ನ ಕಡೆ ತಿರುಗಿದಳು. "ನೀವೂ ಅದೇ ಕೇರಿಯವರಲ್ವಾ? ಇಂಥ ಮೇಕೆ ಇತ್ತಾ?"

ಇತ್ತು ಎನ್ನಬಹುದಿತ್ತು. ಆದರೆ ಕೇರಿಯಲ್ಲಿ ಎಷ್ಟೋ ಮೇಕೆಗಳಿದ್ದವು, ಒಂದೊಂದರ ಹೆಸರು ಯಾರಿಗೆ ಗೊತ್ತು? "ಮೇಕೆಗಳಂತೂ ಇದ್ವು ತಂಗೀ," ಎಂದೆ. ಸಬೀಕಾಳ ಹುಬ್ಬು ಇಳಿಯಲಿಲ್ಲ.

"ಸರಿ. ಫೋನ್ ಮಾಡಿ," ಎಂದಳು. "ನನ್ ಎದುರಿಗೇ ಮಾಡಿ."

ಉಳಿದದ್ದು ಒಂದೇ ಅವಕಾಶ. ಬೂ ಸನದ್ ನಂಬರು ಒತ್ತುವ ಮೊದಲು ದೇವರ ಹೆಸರು ಹೇಳಿದ. ಪಾಯಿಂಟಿಗಾಗಿ ಹೇಳಿದನೋ, ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತವಳಿಗಾಗಿಯೋ ನಾನರಿಯೆ. ಆ ಕಡೆ ಅದೇ ಹನಾನ್ ಸಿಕ್ಕಳು.

"ಮರ್ಜಾನಾ," ಎಂದ, ಬಹಳ ಮೆಲ್ಲಗೆ.

ಆ ಕಡೆ ಕೀಲಿಮಣೆ ಟಕಟಕ ಎಂದಿತು. ಆಮೇಲೆ ಅವಳು ತಡೆದುಕೊಂಡ ಉಸಿರನ್ನು ಬಿಟ್ಟದ್ದು ಕೇಳಿತು.

"ಸರಿಯಾದ ಉತ್ತರ ಸರ್! ಅಬ್ಬಾ! ನಮ್ಮ ಇಡೀ ವಿಭಾಗ ನಿಮಗೋಸ್ಕರ ಹರಕೆ ಹೊತ್ತಿತ್ತು. ಇದನ್ನ ಬರ್ಕೊಂಡಿರೋರು ಪಕ್ಕದಲ್ಲಿ ಒಂದು ಟಿಪ್ಪಣಿ ಬೇರೆ ಹಾಕಿದಾರೆ."

"ಏನಂತ?" ಎಂದು ನಡುವೆ ಬಾಯಿ ಹಾಕಿದಳು ಸಬೀಕಾ.

"ಗ್ರಾಹಕರು ಹೇಳಿದ್ದು ಮೇಕೆಯ ಹೆಸರು, ಎರಡು ಸಲ ಕೇಳಿ ಖಚಿತಪಡಿಸಿಕೊಳ್ಳಲಾಗಿದೆ ಅಂತ ಮೇಡಂ."

ಸಬೀಕಾ ಧಪ್ಪನೆ ಕೂತಳು. ಹೊದ್ದಿದ್ದ ಅಬಾಯಾ ನಿಲುವಂಗಿಯ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೆಂದು ಬೂ ಸನದ್ ಹತ್ತಿರ ಹೋದ. ಅವಳು ನಗುತ್ತಿದ್ದಳು. ನಗುತ್ತಲೇ ಅವನ ತೋಳಿಗೆ ಒಂದು ಗುದ್ದು ಕೊಟ್ಟಳು. "ಒಂದು ಮೇಕೆ ಮೇಲೆ ಇಷ್ಟು ವರ್ಷ ಹೊಟ್ಟೆ ಉರಿಸ್ಕೊಂಡ್ನಲ್ಲ ನಾನು! ನಮ್ಮಕ್ಕನಿಗೂ ಹೇಳಿ ಇಬ್ರೂ ಸೇರಿ ಶಾಪ ಹಾಕಿದ್ವಿ!"

ಈ ಸುದ್ದಿಯನ್ನು ದಿವಾನಿಯಾಕ್ಕೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಮೇಕೆಗೆ ಸೋತೆವೆಂದು ಅವರು ಇನ್ನಷ್ಟು ಕೆರಳಬಹುದೆಂದು ಅಂಜುತ್ತಲೇ ಹೇಳಿದೆ. ಬೂ ಬರ್ರಾಕ್ ಕೇಳಿದವನು ಗಡ್ಡ ಕೆರೆದುಕೊಂಡ.

"ಅಂದ್ರೆ ಮನುಷ್ಯರಲ್ಲಿ ಯಾರೂ ಇಲ್ಲ?"

"ಯಾರೂ ಇಲ್ಲ."

"ಜಾಸಿಮೂ ಇಲ್ಲ?"

"ಇಲ್ಲ."

"ಹಾಗಾದ್ರೆ ಪರವಾಗಿಲ್ಲ," ಎಂದ. ಎದೆಯ ಮೇಲಿಂದ ಬಂಡೆ ಇಳಿಸಿದಂತೆ ದಿಂಬಿಗೆ ಒರಗಿದ.

ಜಾಸಿಮನೂ ಅದನ್ನೇ ಯೋಚಿಸುತ್ತಿದ್ದ ಎಂದು ಕಾಣುತ್ತದೆ. "ಮರ್ಜಾನಾ ನೆನಪಿದೆ ನಂಗೆ," ಎಂದ. "ನನ್ ಭೂಗೋಳದ ಪುಸ್ತಕದಲ್ಲಿ ಆಫ್ರಿಕಾ ಪೂರ್ತಿ ತಿಂದುಹಾಕಿತ್ತು. ಒಳ್ಳೆ ಮೇಕೆ." ಆ ಸಂಜೆಯೇ ಕುಂಚ ತಂದು ನಕ್ಷೆಯಲ್ಲಿ ನೀಲಿಯ ಮೇಲೆ ಮಣ್ಣಿನ ಬಣ್ಣ ಬಳಿದು, ಬೂ ಸನದನ ಮನೆಯನ್ನು ಸಮುದ್ರದಿಂದ ಮೇಲಕ್ಕೆತ್ತಿದ. ಬೂ ಸನದ್ ಒಳಗೆ ಬಂದಾಗ ಬೂ ಬರ್ರಾಕ್ ಎದ್ದು ನಮ್ಮ ಪದ್ಧತಿಯಂತೆ ಮೂಗಿಗೆ ಮೂಗು ತಾಗಿಸಿ ಬರಮಾಡಿಕೊಂಡ. ಡೊಂಕು ಮೂಗಾದ್ದರಿಂದ ಅದು ಎಂದಿನಂತೆ ಕೆನ್ನೆಗೆ ತಾಗಿತು.

ಈಗ ಖಾತೆ ತೆರೆದಿತ್ತು. ಪಾಯಿಂಟುಗಳು ಒಂದೂ ಕದಲದೆ ಅಲ್ಲೇ ಇದ್ದವು. ಆದರೆ ಅವುಗಳಿಗೆ ಏನು ಸಿಗುತ್ತದೆಂದು ಬೂ ಸನದ್ ಜೀವನದಲ್ಲಿ ಮೊದಲ ಬಾರಿಗೆ ನೋಡಿದ. ಅವನ ಲೆಕ್ಕದಲ್ಲಿ ಅದು ಭೂಮಿಯನ್ನು ಒಂದು ಸುತ್ತು ಹಾಕಿ ಬರುವಷ್ಟಿತ್ತು. ಒಂದು ಕಾಲದಲ್ಲಿ ಅಷ್ಟು ಇತ್ತೂ ಕೂಡ. ಅವನು ಬೀಗ ಹಾಕಿ ಕಾಯುತ್ತಿದ್ದ ವರ್ಷಗಳಲ್ಲಿ ಕಂಪನಿಯವರು ಒಂದೊಂದು ಸಲ ಒಂದಿಷ್ಟು ಬೆಲೆ ಇಳಿಸುತ್ತಾ ಬಂದಿದ್ದರು. ಒಂದು ಪಾಯಿಂಟೂ ಕಳುವಾಗಿರಲಿಲ್ಲ. ಬೆಲೆ ಮಾತ್ರ ಒಳಗಿಂದೊಳಗೇ ಕರಗಿಹೋಗಿತ್ತು. ಈಗ ಅವಕ್ಕೆ ಸಿಗುತ್ತಿದ್ದದ್ದು ಬಹ್ರೇನಿಗೆ ಹೋಗಿಬರಲು ಎಂಟು ಸೀಟು. ಬಹ್ರೇನೆಂದರೆ ನಮಗೆ ಪಕ್ಕದ ಮನೆ.

"ರಮದಾನ್ ಬಂದ್ಮೇಲೆ?" ಎಂದು ಅವನು ಫೋನಿನಲ್ಲಿ ಹನಾನಳನ್ನು ಕೇಳಿದ.

"ಆಗ ಐದು ಸೀಟು ಸರ್. ಇಲ್ಲಾ ಚಕ್ರ ಇರೋ ಒಂದು ಸೂಟ್‌ಕೇಸು."

"ಖರ್ಚು ಮಾಡ್ಬಿಡಿ," ಎಂದಳು ಸಬೀಕಾ. "ಮತ್ತೆ ಕಿಟಕಿ ಸೀಟು ನಂದು. ಅಷ್ಟನ್ನಾದ್ರೂ ಆ ಮೇಕೆ ನಂಗೆ ಕೊಡ್ಬೇಕು."

ಹೀಗೆ ಒಂದು ಗುರುವಾರ ಮಧ್ಯಾಹ್ನ ನಾವು ಎಂಟು ಜನ, ಏಳು ಮುದುಕರು ಮತ್ತು ಸಬೀಕಾ, ಬಹ್ರೇನಿನಲ್ಲಿ ಊಟ ಮಾಡಿ ಮಲಗುವ ಹೊತ್ತಿಗೆ ಮನೆಗೆ ಬರುವುದೆಂದು ವಿಮಾನ ಹತ್ತಿದೆವು. ಬೂ ಬರ್ರಾಕ್ ತುರ್ತು ಬಾಗಿಲ ಪಕ್ಕವೇ ಬೇಕೆಂದು ಹಟ ಮಾಡಿ ಕೂತು, ಹತ್ತಿದವರಿಗೆಲ್ಲ ಬೆಂಕಿ ಬಿದ್ದರೆ ಹೇಗೆ ಹಾರಬೇಕೆಂದು ಹೇಳಿಕೊಟ್ಟು, ಗಗನಸಖಿಯರಿಂದ ಎರಡು ಸಲ ಬೈಸಿಕೊಂಡ. ಬೂ ಸನದನ ಮುಂದೆ ಕಿತ್ತಳೆ ರಸದ ಲೋಟ ಬಂತು. ಅವನು ಅದನ್ನು ಕುಡಿಯಲಾರದೆ ಹಿಡಿದುಕೊಂಡು ಕೂತ.

"ಇದು ಮೊದಲನೇ ಮಿಲಾನ್ ಪ್ರಯಾಣದ ಪಾಯಿಂಟು ಇರ್ಬೇಕು," ಎಂದ ನನಗೆ. "ಆ ಹೋಟೆಲಲ್ಲಿ ಹೀಟರ್ ಕೆಟ್ಟಿತ್ತು. ಕೋಟ್ ಹಾಕ್ಕೊಂಡೇ ಮಲಗಿದ್ದೆ."

"ಕುಡಿಯೋ ಮಾರಾಯ," ಎಂದೆ.

ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದ.

ಬಹ್ರೇನಿನ ಮೇಲೆ ಹೋದಾಗ ಕೆಳಗೆ ಏನೂ ಕಾಣಲಿಲ್ಲ. ಧೂಳಿನ ಬಿರುಗಾಳಿ ಎದ್ದು ಇಡೀ ದ್ವೀಪ ಹಳದಿ ಕಂಬಳಿ ಹೊದ್ದಿತ್ತು. ವಿಮಾನ ಸುತ್ತಿತು, ಮತ್ತೆ ಸುತ್ತಿತು. ಸಬೀಕಾ ಕಿಟಕಿಗೆ ಹಣೆ ಒತ್ತಿ, "ಅದೇ ಬಹ್ರೇನಾ?" ಎಂದು ಕೇಳಿದಳು. ಜಾಸಿಮ್ ಹಿಂದಿನ ಸೀಟಿನಿಂದ, ಭೂಗೋಳದ ಪ್ರಕಾರ ಹೌದು ಎಂದ. ಕೊನೆಗೆ ಪೈಲಟ್ಟು ಕ್ಷಮೆ ಕೇಳಿ, ಇಳಿಯಲು ಅನುಮತಿ ಸಿಗಲಿಲ್ಲ, ಕುವೈತಿಗೇ ಹಿಂದಿರುಗುತ್ತಿದ್ದೇವೆ ಎಂದು ಸಾರಿದ. ಜೀವಮಾನದ ಗಳಿಕೆಯನ್ನು ಖರ್ಚು ಮಾಡಿ ನಾವು ಹೊರಟಲ್ಲಿಗೇ ಬಂದು ಇಳಿದೆವು.

ಯಾರೂ ಬೂ ಸನದನ ಮುಖ ನೋಡುವ ಧೈರ್ಯ ಮಾಡಲಿಲ್ಲ. ನಿಲ್ದಾಣದಲ್ಲಿ ಏರ್‌ಲೈನ್ಸಿನ ಹುಡುಗಿಯೊಬ್ಬಳು ಮೇಜು ಹಾಕಿಕೊಂಡು ಪ್ರಯಾಣಿಕರನ್ನು ಸಮಾಧಾನ ಮಾಡುತ್ತಿದ್ದಳು.

"ನಿಮಗಾದ ತೊಂದರೆಗೆ ಕ್ಷಮಿಸಿ ಸರ್. ನಿಮ್ಮ ಪಾಯಿಂಟುಗಳನ್ನ ಎರಡರಷ್ಟು ಮಾಡಿ ಖಾತೆಗೆ ವಾಪಸ್ ಹಾಕ್ಬಹುದು. ಅದು ಬೇಡ ಅಂದ್ರೆ ಇಲ್ಲೇ ಮೇಲಿನ ಹೋಟೆಲಲ್ಲಿ ಊಟದ ಕೂಪನ್ ಇದೆ. ಅದು ಇವತ್ತಿಗೆ ಮಾತ್ರ."

ಎರಡರಷ್ಟು! ನಾವೆಲ್ಲ ಬೂ ಸನದನ ಕಡೆ ತಿರುಗಿದೆವು. ಅವನು ಆ ಹುಡುಗಿಯನ್ನು ಯೋಚನೆಯಿಂದ ನೋಡಿದ.

"ಹೋಟೆಲಲ್ಲಿ ಕಬಾಬ್ ಇದ್ಯಾ?" ಎಂದು ಕೇಳಿದ.

"ಇದೆ ಸರ್."

"ಎಂಟು ಕೂಪನ್ ಕೊಡಮ್ಮಾ."

ಹೋಟೆಲಿನ ಗಾಜಿನಾಚೆ ವಿಮಾನಗಳು ಓಡಾಡುತ್ತಿದ್ದವು. ನಮ್ಮ ಮನೆಗಳು ಅಲ್ಲಿಂದ ಕಾರಿನಲ್ಲಿ ಸ್ವಲ್ಪವೇ ದೂರ. ಆದರೂ ಯಾರಿಗೂ ಏಳುವ ಮನಸ್ಸಿರಲಿಲ್ಲ. ಬೂ ಬರ್ರಾಕ್ ಪರಿಚಾರಕನನ್ನು ಕೂಗಿ ಕೂಗಿ ಕರೆದು ಉಪ್ಪಿನಕಾಯಿ ತರಿಸಿದ. ಜಾಸಿಮ್ ಕಬಾಬಿನ ತಟ್ಟೆಯನ್ನು ನನ್ನ ಕಡೆ ಸರಿಸಿದ. ನಾನು ಅವನನ್ನು ತುಸು ಹೊತ್ತು ದಿಟ್ಟಿಸಿ ನೋಡಿದೆ. ಪರದೇಶಕ್ಕೆ ಬಂದವರಂತೆ ಸಬೀಕಾ ಪಕ್ಕದ ಅಂಗಡಿಗೆ ಹೋಗಿ ಅಕ್ಕನಿಗೆಂದು ಒಂದು ಡಬ್ಬಿ ಚಾಕೊಲೇಟು ಕೊಂಡು ತಂದಳು.

ಅಷ್ಟರಲ್ಲಿ ಮಗ ಸನದನ ಫೋನು ಬಂತು.

"ಅಪ್ಪಾ, ಆರಾಮಾಗಿ ತಲುಪಿದ್ರಾ? ಅಲ್ಲಿ ಹವಾ ಹೇಗಿದೆ?"

ಬೂ ಸನದ್ ಬಾಯಲ್ಲಿದ್ದ ತುತ್ತನ್ನು ನುಂಗಿ, ಗಾಜಿನಾಚೆ ಒಮ್ಮೆ ನೋಡಿದ.

"ಥೇಟ್ ನಮ್ಮೂರಿನ ಥರಾನೇ ಇದೆ ಮಗನೇ," ಎಂದ. "ಊಟ ಚೆನ್ನಾಗಿದೆ. ಬರೋದು ಸ್ವಲ್ಪ ತಡ ಆಗುತ್ತೆ."